ಟ್ರಿಂಗಮ್ ಎಂಬ ಬಾಡಿಗೆದಾರ

ಚಾರ್ಲ್ಸ್ ಡಿಕನ್ಸ್ 1865ರ ಸೆಪ್ಟೆಂಬರ್ 2ರಂದು ‘ಅವರ್ ಮ್ಯೂಚುವಲ್ ಫ್ರೆಂಡ್’ ಕಾದಂಬರಿಗೆ ಒಂದು ಪುಟ್ಟ ಹಿನ್ನುಡಿ ಬರೆದ. ಅದರ ಮೊದಲಿಗೇ ಒಂದು ಮಾತು ಬರುತ್ತದೆ. ಕಾದಂಬರಿಯ ನಾಯಕ ಜಾನ್ ಹಾರ್ಮನ್ ಸತ್ತಿಲ್ಲ, ಜಾನ್ ರೋಕ್‌ಸ್ಮಿತ್ ಎಂಬ ಹೆಸರಿನಲ್ಲಿ ಓಡಾಡುತ್ತಿರುವವನು ಅವನೇ. ಇದನ್ನು ನಾನು ಮುಚ್ಚಿಡಲು ಹೆಣಗುತ್ತಿದ್ದೇನೆ ಎಂದು ಕೆಲವರು ತಿಳಿದುಕೊಳ್ಳುತ್ತಾರೆಂದು ನನಗೆ ಮೊದಲೇ ಗೊತ್ತಿತ್ತು, ಆದರೆ ನಾನು ಹೆಣಗಿದ್ದೆಲ್ಲ ಅದನ್ನು ಓದುಗರಿಗೆ ಸೂಚಿಸುವುದಕ್ಕೆ ಎನ್ನುತ್ತಾನೆ. ಕೊನೆಯಲ್ಲಿ ಇನ್ನೊಂದು ಸಂಗತಿಯನ್ನು ತಮಾಷೆಯ ಧಾಟಿಯಲ್ಲಿ ಹೇಳುತ್ತಾನೆ. ಜೂನ್ 9ರ ಶುಕ್ರವಾರ ನಡೆದ ಭೀಕರ ರೈಲು ಅಪಘಾತದಲ್ಲಿ ಶ್ರೀಮಾನ್ ಮತ್ತು ಶ್ರೀಮತಿ ಬಾಫಿನ್ ನನ್ನ ಜೊತೆಗಿದ್ದರು. ಕೈಲಾದಷ್ಟು ಜನರಿಗೆ ನೆರವಾದ ಮೇಲೆ ನಾನು ವಾಲಿ ನಿಂತಿದ್ದ ಬೋಗಿಗೆ ಮತ್ತೆ ಹತ್ತಿ ಆ ದಂಪತಿಯನ್ನು ಹೊರಗೆ ತಂದೆ. ಬಾಫಿನ್ ದಂಪತಿ ಕಾದಂಬರಿಯ ಪಾತ್ರಗಳು. ಅವನು ಹೊರತಂದದ್ದು ಹಸ್ತಪ್ರತಿಯ ಕಂತೆಯನ್ನು.

ಆ ಬೋಗಿಯಲ್ಲಿ ಅವನ ಜೊತೆ ಇನ್ನಿಬ್ಬರಿದ್ದರು. ಎಲೆನ್ ಟೆರ್ನನ್ ಎಂಬ 26 ವರ್ಷದ ಮಾಜಿ ನಟಿ ಮತ್ತು ಅವಳ ತಾಯಿ. ಹಿನ್ನುಡಿಯಲ್ಲಿ ಕಾಗದದ ಮೇಲಿನ ಪಾತ್ರಗಳಿಗೆ ಹೆಸರು ಸಿಕ್ಕಿದೆ, ಉಸಿರಾಡುತ್ತಿದ್ದ ಇಬ್ಬರು ಹೆಂಗಸರಿಗೆ ಸಿಕ್ಕಿಲ್ಲ. ನಾಯಕನ ಗುಟ್ಟನ್ನು ಓದುಗರು ಬೇಗ ಹಿಡಿಯಲಿ ಎಂದು ಬಯಸಿದ ಲೇಖಕ ತನ್ನದನ್ನು ಯಾರೂ ಹಿಡಿಯದಂತೆ ಅದೇ ಬರಹದಲ್ಲಿ ಸಾಲುಗಳನ್ನು ಜೋಡಿಸಿದ.

ಪ್ರೀತಿಯಲ್ಲಿ ಎರಡು ಬಾಳು ಬಾಳುವ ಗಂಡಸಿನ ಕಥೆ ಎಂದರೆ ಸಾಮಾನ್ಯವಾಗಿ ಮನಸ್ಸಿನ ತಳಮಳದ ಕಥೆ ಎಂದುಕೊಳ್ಳುತ್ತೇವೆ. ಡಿಕನ್ಸ್‌ನ ಪ್ರಕರಣದಲ್ಲಿ ಉಳಿದುಬಂದಿರುವ ಕಾಗದಗಳನ್ನು ನೋಡಿದರೆ ತಳಮಳಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಆಡಳಿತ. ಮನೆ ಹಿಡಿಯಬೇಕು, ಕಂದಾಯ ಕಟ್ಟಬೇಕು, ರೈಲಿನ ವೇಳೆ ನೋಡಬೇಕು, ನಂಬಿಕಸ್ತ ಆಳೊಬ್ಬ ಬೇಕು, ತಂತಿ ಸಂದೇಶಕ್ಕೆ ಸಂಕೇತ ಬೇಕು. ಈ ಕೆಲಸದ ಬಹುಪಾಲನ್ನು ಬೇರೆಯವರು ಮಾಡಿದರು. ಅವನು ಬರೆದ ಕಾದಂಬರಿಯಲ್ಲಿ ಈ ದುಡಿಮೆ ಎಲ್ಲಿ ಹೋಯಿತು ಎಂಬುದೇ ನನ್ನ ಕುತೂಹಲ.

ಕಥೆಯೊಳಗಿನ ಇಬ್ಬಗೆ

ಈ ಕಾದಂಬರಿ 1864ರ ಮೇ ತಿಂಗಳಿಂದ 1865ರ ನವೆಂಬರ್‌ವರೆಗೆ ಮಾಸಿಕ ಕಂತುಗಳಾಗಿ ಬಂತು. ಡಿಕನ್ಸ್ ಪೂರ್ತಿ ಮಾಡಿದ ಕೊನೆಯ ಕಾದಂಬರಿ ಇದು. ಅವನ ಹೆಸರು ಹೇಳಿದರೆ ‘ಆಲಿವರ್ ಟ್ವಿಸ್ಟ್’ ನೆನಪಾಗುವ ನಮ್ಮ ಓದುಗರಿಗೆ ಇದು ಅಷ್ಟು ಪರಿಚಿತವಲ್ಲ; ಗಾತ್ರವೂ ದೊಡ್ಡದು, ಎಳೆಗಳೂ ಹಲವು. ನಮಗೆ ಬೇಕಾದ ಎಳೆ ಇಷ್ಟು.

ಲಂಡನ್ನಿನ ಕಸದ ಗುಡ್ಡೆಗಳಿಂದ ಹಣ ಮಾಡಿದ ಜಿಪುಣನೊಬ್ಬ ಸಾಯುವಾಗ ಮಗ ಜಾನ್ ಹಾರ್ಮನ್‌ಗೆ ಆಸ್ತಿ ಬರೆದಿಡುತ್ತಾನೆ. ಆದರೆ ಅವನು ಕಣ್ಣಿನಲ್ಲೂ ಕಂಡಿರದ ಬೆಲ್ಲಾ ವಿಲ್ಫರ್ ಎಂಬ ಹುಡುಗಿಯನ್ನು ಮದುವೆಯಾಗಬೇಕೆಂಬುದು ಷರತ್ತು. ಹದಿನಾಲ್ಕು ವರ್ಷ ದೂರದೇಶದಲ್ಲಿದ್ದು ಮರಳುತ್ತಿರುವ ಹಾರ್ಮನ್, ಹುಡುಗಿ ಎಂಥವಳೆಂದು ಮರೆಯಿಂದ ನೋಡಬೇಕೆಂದು ಹಡಗಿನ ಅಧಿಕಾರಿಯೊಬ್ಬನ ಜೊತೆ ಬಟ್ಟೆ ಬದಲಾಯಿಸಿಕೊಳ್ಳುತ್ತಾನೆ. ಆ ಅಧಿಕಾರಿ ಮೋಸ ಮಾಡಿ ಅವನಿಗೆ ಅಮಲು ಬರಿಸುತ್ತಾನೆ, ಕಡೆಗೆ ತಾನೇ ಕೊಲೆಯಾಗಿ ಥೇಮ್ಸ್ ನದಿಯಲ್ಲಿ ತೇಲುತ್ತಾನೆ. ಜೇಬಿನಲ್ಲಿದ್ದ ಕಾಗದಗಳಿಂದಾಗಿ ಸತ್ತವನು ಹಾರ್ಮನ್ ಎಂದೇ ಊರೆಲ್ಲ ನಂಬುತ್ತದೆ. ಬದುಕಿ ಉಳಿದ ಹಾರ್ಮನ್ ಮೊದಲು ಜೂಲಿಯಸ್ ಹ್ಯಾಂಡ್‌ಫರ್ಡ್ ಎಂಬ ಹೆಸರಿನಲ್ಲಿ ಪೊಲೀಸರೆದುರು ಕಾಣಿಸಿಕೊಳ್ಳುತ್ತಾನೆ, ಆಮೇಲೆ ಜಾನ್ ರೋಕ್‌ಸ್ಮಿತ್ ಆಗಿ ಬೆಲ್ಲಾಳ ತಂದೆಯ ಮನೆಯಲ್ಲೇ ಕೋಣೆ ಹಿಡಿಯುತ್ತಾನೆ. ಆಸ್ತಿ ಹಳೆಯ ನೌಕರ ಬಾಫಿನ್‌ನ ಪಾಲಾಗಿರುತ್ತದೆ. ರೋಕ್‌ಸ್ಮಿತ್ ಅವನ ಕಾರ್ಯದರ್ಶಿಯಾಗಿ ತನ್ನದೇ ಆಸ್ತಿಯ ಲೆಕ್ಕ ಬರೆಯುತ್ತಾನೆ.

ಬೆಲ್ಲಾಳಿಗೆ ಉಯಿಲಿನ ಮೇಲೆ ಸಿಟ್ಟಿದೆ. ಡಜನ್ ಚಮಚಗಳನ್ನು ಬರೆದುಕೊಟ್ಟ ಹಾಗೆ ನನ್ನನ್ನು ಯಾರಿಗೋ ಬರೆದುಕೊಟ್ಟರಲ್ಲ ಎಂದು ಅವಳು ಸಿಡಿಯುವ ಮಾತು ಇಡೀ ಕಾದಂಬರಿಯ ಅತ್ಯಂತ ನೇರವಾದ ಮಾತುಗಳಲ್ಲಿ ಒಂದು. ಎರಡನೆಯ ಭಾಗದ ಹದಿಮೂರನೆಯ ಅಧ್ಯಾಯದಲ್ಲಿ ಹಾರ್ಮನ್ ಒಂಟಿಯಾಗಿ ನಡೆಯುತ್ತ ತನಗೆ ನಡೆದದ್ದನ್ನೆಲ್ಲ ತನಗೇ ಹೇಳಿಕೊಳ್ಳುತ್ತಾನೆ. ಎದ್ದು ಬಂದು ನಾನೇ ಹಾರ್ಮನ್ ಎನ್ನಬಹುದು. ಎಂದರೆ ಏನು ಸಿಕ್ಕೀತು, ಸುಮ್ಮನಿದ್ದರೆ ಏನು ಹೋದೀತು ಎಂದು ಗುಮಾಸ್ತ ಖಾತೆ ತಾಳೆ ನೋಡುವ ಹಾಗೆ ಎರಡೂ ಕಡೆ ಕೂಡಿಸಿ ಕಳೆಯುತ್ತಾನೆ. ಅದೇ ಸಂಜೆ ಬೆಲ್ಲಾಳಿಗೆ ತನ್ನ ಪ್ರೀತಿ ತಿಳಿಸುತ್ತಾನೆ; ಅವಳು ಬೇಡವೆನ್ನುತ್ತಾಳೆ. ಹೊರಗೆ ಹೋಗಿ ಹಾರ್ಮನ್‌ನ ಗೋರಿಯ ಮೇಲೆ ಮಣ್ಣಿನ ಮೇಲೆ ಮಣ್ಣು ಸುರಿಯುತ್ತಾನೆ.

ಇಡೀ ಪುಸ್ತಕದಲ್ಲಿ ಇಬ್ಬಗೆಯ ಬಾಳಿನ ಭಾರ ಮೈಗೆ ತಟ್ಟುವ ಜಾಗ ಇದೊಂದೇ ಎಂದು ನನಗೆ ಅನ್ನಿಸುತ್ತದೆ. ಇಲ್ಲಿಂದ ಮುಂದೆ ಡಿಕನ್ಸ್ ಭಾರವನ್ನು ಬೆಲ್ಲಾಳ ಕಡೆಗೆ ಜರುಗಿಸುತ್ತಾನೆ. ಶ್ರೀಮತಿ ಬಾಫಿನ್ ಹಾರ್ಮನ್‌ನ ಗುರುತು ಹಿಡಿಯುತ್ತಾಳೆ. ಮೂವರೂ ಸೇರಿ ಒಂದು ನಾಟಕ ಹೂಡುತ್ತಾರೆ: ಬಾಫಿನ್ ಜಿಪುಣನಂತೆ ನಟಿಸಿ ಕಾರ್ಯದರ್ಶಿಯನ್ನು ಅವಮಾನಿಸುತ್ತಾನೆ, ಅದನ್ನು ನೋಡಿ ಹಣದಾಸೆಯ ಬೆಲ್ಲಾಳ ಮನಸ್ಸು ತಿರುಗುತ್ತದೆ, ಬಡ ರೋಕ್‌ಸ್ಮಿತ್‌ನನ್ನೇ ಅವಳು ಗ್ರೀನಿಚ್‌ನಲ್ಲಿ ಮದುವೆಯಾಗುತ್ತಾಳೆ. ಬ್ಲ್ಯಾಕ್‌ಹೀತ್‌ನ ಪುಟ್ಟ ಮನೆಯಲ್ಲಿ ಸಂಸಾರ. ಗಂಡ ಬೆಳಿಗ್ಗೆ ಕೆಲಸಕ್ಕೆಂದು ನಗರಕ್ಕೆ ಹೋಗಿ ಸಂಜೆ ಬರುತ್ತಾನೆ. ಮಗುವೂ ಹುಟ್ಟುತ್ತದೆ. ತನ್ನ ಮಗುವಿನ ಅಪ್ಪನ ನಿಜವಾದ ಹೆಸರು ಅವಳಿಗೆ ಆಗಲೂ ಗೊತ್ತಿಲ್ಲ. ಪರಿಚಿತ ವಕೀಲನೊಬ್ಬನ ಎದುರಿಗೆ ಬರಲು ಗಂಡ ಹಿಂಜರಿದಾಗ ಅವಳು ಒಂದು ಪ್ರಶ್ನೆಯನ್ನೂ ಕೇಳದೆ ನಂಬುತ್ತಾಳೆ. ಆ ನಂಬಿಕೆಯನ್ನು ಕಾದಂಬರಿ ಅವಳ ಗೆಲುವೆಂದು ಕೊಂಡಾಡುತ್ತದೆ.

ಗಂಡನ ಜೊತೆ ಮಾತನಾಡುತ್ತ ಬೆಲ್ಲಾ ಒಮ್ಮೆ, ಬೊಂಬೆಮನೆಯ ಬೊಂಬೆಗಿಂತ ಹೆಚ್ಚಿನದಾಗಬೇಕು ನಾನು ಎನ್ನುತ್ತಾಳೆ. ಕೊನೆಗೆ ಗುಟ್ಟು ಬಯಲಾದಾಗ ಅವಳಿಗೆ ಸಿಗುವುದು ಹಕ್ಕಿಗಳ ಕೋಣೆ, ಆಭರಣ ತುಂಬಿದ ದಂತದ ಪೆಟ್ಟಿಗೆ, ಬಣ್ಣಬಣ್ಣದ ಶಿಶುಕೋಣೆಯಿರುವ ದೊಡ್ಡ ಮನೆ. ಅವಳು ಒಂದು ಕ್ಷಣವಾದರೂ ಸಿಟ್ಟಾಗುತ್ತಾಳೇನೋ ಎಂದು ನಾನು ಕಾದೆ. ಚಮಚದ ಮಾತನ್ನಾಡಿದ ಹುಡುಗಿ ಎಲ್ಲಿ ಹೋದಳು? ಉಯಿಲು ಹೇಳಿದವನನ್ನೇ ಅವಳು ಮದುವೆಯಾಗಿದ್ದಾಳೆ, ಅದೂ ಮನೆಮಂದಿಯೆಲ್ಲ ಸೇರಿ ಹೂಡಿದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ. ಕಥೆಯಲ್ಲಿ ಎಲ್ಲರೂ ನಗುತ್ತಿರುವಾಗ ಪ್ರಶ್ನೆ ಕೇಳುವವರು ಯಾರೂ ಉಳಿದಿರುವುದಿಲ್ಲ.

ಕಥೆಯ ಹೊರಗೆ

ಕ್ಯಾಥರೀನ್ ಹೋಗಾರ್ತ್‌ಳನ್ನು ಡಿಕನ್ಸ್ ಮದುವೆಯಾದದ್ದು 1836ರಲ್ಲಿ. ಹತ್ತು ಮಕ್ಕಳು ಹುಟ್ಟಿದರು. 1857ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ಅವನ ಹವ್ಯಾಸಿ ತಂಡ ‘ದಿ ಫ್ರೋಜನ್ ಡೀಪ್’ ನಾಟಕ ಆಡಿತು. ಅಷ್ಟು ದೊಡ್ಡ ಸಭಾಂಗಣದಲ್ಲಿ ಮನೆಯ ಹೆಣ್ಣುಮಕ್ಕಳ ದನಿ ಕೇಳದು ಎಂದು ವೃತ್ತಿನಟಿಯರನ್ನು ಕರೆಸಿದರು. ಬಂದವರು ಶ್ರೀಮತಿ ಟೆರ್ನನ್ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಎಲೆನ್, ಮನೆಯವರಿಗೆ ನೆಲ್ಲಿ. ಅವಳಿಗೆ ಆಗ 18, ಅವನಿಗೆ 45.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಡಿಕನ್ಸ್ ಮನೆಯ ಕೆಲಸದವಳಿಗೆ ಪತ್ರ ಬರೆದು ತನ್ನ ಉಡುಪಿನ ಕೋಣೆಯನ್ನೇ ಮಲಗುವ ಕೋಣೆಯಾಗಿ ಮಾಡಿಸಿಕೊಂಡ. ಅಲ್ಲಿಂದ ಹೆಂಡತಿಯ ಕೋಣೆಗಿದ್ದ ಬಾಗಿಲಿಗೆ ಕಪಾಟಿನ ಹಲಗೆಗಳನ್ನು ಹೊಡೆಸಿ ಮುಚ್ಚಿಸಿದ. ಇಪ್ಪತ್ತೊಂದು ವರ್ಷದ ದಾಂಪತ್ಯದ ವಿಷಯ ಗಂಡ ಹೆಂಡಿರ ನಡುವೆ ಇತ್ಯರ್ಥವಾಗುವ ಮೊದಲೇ ಬಡಗಿಗೆ ತಿಳಿಯಿತು. 1858ರ ಮೇ ತಿಂಗಳಲ್ಲಿ ಇಬ್ಬರೂ ಬೇರೆಯಾದರು. ಕ್ಯಾಥರೀನ್‌ಗೆ ವರ್ಷಕ್ಕೆ 600 ಪೌಂಡ್ ಮತ್ತು ಬೇರೆ ಮನೆ. ಹಿರಿಯ ಮಗನೊಬ್ಬನನ್ನು ಬಿಟ್ಟು ಮಕ್ಕಳೆಲ್ಲ ಅಪ್ಪನ ಬಳಿ. ಹೆಂಡತಿಯ ತಂಗಿ ಜಾರ್ಜಿನಾ ಕೂಡ ಅಕ್ಕನ ಜೊತೆ ಹೋಗದೆ ಭಾವನ ಮನೆ ನೋಡಿಕೊಳ್ಳಲು ಉಳಿದಳು.

ಗಾಳಿಮಾತು ಎದ್ದಾಗ ಸುಮ್ಮನಿದ್ದಿದ್ದರೆ ಅದು ಅಷ್ಟಕ್ಕೇ ನಿಲ್ಲುತ್ತಿತ್ತೇನೋ. ಡಿಕನ್ಸ್ ಜೂನ್‌ನಲ್ಲಿ ತನ್ನದೇ ವಾರಪತ್ರಿಕೆಯ ಮೊದಲ ಪುಟದಲ್ಲಿ ‘ವೈಯಕ್ತಿಕ’ ಎಂಬ ತಲೆಬರಹದಡಿ ಹೇಳಿಕೆ ಹಾಕಿದ: ಹರಡುತ್ತಿರುವುದೆಲ್ಲ ಸುಳ್ಳು, ನಿರ್ದೋಷಿಗಳ ಮೇಲೆ ಕೆಸರು. ಯಾವ ಸುಳ್ಳು ಎಂದು ಹೇಳಲಿಲ್ಲವಾದ್ದರಿಂದ, ಅಲ್ಲಿಯವರೆಗೆ ಏನೂ ಕೇಳಿರದ ಊರುಗಳ ಓದುಗರೂ ಕಿವಿ ನಿಮಿರಿಸಿದರು. ಅದೇ ಹೇಳಿಕೆಯನ್ನು ‘ಪಂಚ್’ ಪತ್ರಿಕೆಯಲ್ಲಿ ಹಾಕಲಿಲ್ಲವೆಂದು ಪ್ರಕಾಶಕರ ಜೊತೆ ಜಗಳ ತೆಗೆದು ಹಳೆಯ ಪತ್ರಿಕೆಯನ್ನೇ ನಿಲ್ಲಿಸಿ ಮರುವರ್ಷ ಹೊಸದೊಂದನ್ನು ಹುಟ್ಟುಹಾಕಿದ. ಕ್ಯಾಥರೀನ್‌ಳ ಮನಸ್ಸಿನ ಆರೋಗ್ಯದ ಮೇಲೆ ಸಂಶಯ ಹುಟ್ಟಿಸುವ ಅವನ ಇನ್ನೊಂದು ಪತ್ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾಯಿತು. 2019ರಲ್ಲಿ ಯಾರ್ಕ್ ವಿಶ್ವವಿದ್ಯಾಲಯದ ಜಾನ್ ಬೋವನ್ ಬೆಳಕಿಗೆ ತಂದ ಪತ್ರಗಳಲ್ಲಿ, ಕ್ಯಾಥರೀನ್‌ಳ ನೆರೆಯವನಾಗಿದ್ದ ಎಡ್ವರ್ಡ್ ಡಟನ್ ಕುಕ್ ಇನ್ನೂ ಕಟುವಾದುದನ್ನು ದಾಖಲಿಸಿದ್ದಾನೆ: ಹೆಂಡತಿಯನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ಡಿಕನ್ಸ್ ಯತ್ನಿಸಿದ, ಅದು ನಡೆಯಲಿಲ್ಲ.

ಕಟ್ಟಿಕೊಂಡವಳು, ಇಟ್ಟುಕೊಂಡವಳು ಎಂದು ನಮ್ಮ ಊರುಗಳಲ್ಲಿ ಇಂಥದ್ದನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ, ಕುಟುಂಬದ ಬೆಚ್ಚನೆಯ ಒಲೆಯನ್ನೇ ಬರೆದು ಹೆಸರು ಮಾಡಿದ ಲೇಖಕನಿಗೆ ಅಷ್ಟು ಸುಲಭವಿರಲಿಲ್ಲ. ಅವನ ಆದಾಯವೇ ಆ ಹೆಸರಿನ ಮೇಲೆ ನಿಂತಿತ್ತು. 1858ರಿಂದ ಅವನು ಸಾವಿರಾರು ಜನರೆದುರು ತನ್ನ ಕಥೆಗಳನ್ನು ಓದಿ ಹಣ ಗಳಿಸುತ್ತಿದ್ದ, ಬಂದವರು ಮನೆಮಂದಿ ಸಮೇತ ಬರುತ್ತಿದ್ದರು. 1860ರ ಸೆಪ್ಟೆಂಬರ್‌ನಲ್ಲಿ ಕೆಂಟ್ ಪ್ರಾಂತ್ಯದ ಗ್ಯಾಡ್ಸ್ ಹಿಲ್ ಮನೆಯ ಹಿಂದಿನ ಬಯಲಿನಲ್ಲಿ ಇಪ್ಪತ್ತು ವರ್ಷಗಳ ಪತ್ರಗಳನ್ನೆಲ್ಲ ರಾಶಿ ಹಾಕಿ ಸುಟ್ಟ. ಮಕ್ಕಳು ಆ ಬಿಸಿ ಬೂದಿಯಲ್ಲಿ ಈರುಳ್ಳಿ ಸುಟ್ಟುಕೊಂಡು ತಿಂದರು.

ಜೂನ್ 9, ಮಧ್ಯಾಹ್ನ

ಫ್ರಾನ್ಸ್‌ನಿಂದ ಹಡಗಿನಲ್ಲಿ ಬಂದವರನ್ನು ಫೋಕ್‌ಸ್ಟನ್‌ನಿಂದ ಲಂಡನ್‌ಗೆ ಒಯ್ಯುವ ರೈಲು ಅದು. ಹಡಗು ಸಮುದ್ರದ ಉಬ್ಬರವಿಳಿತ ನೋಡಿ ಬರಬೇಕಾದ್ದರಿಂದ ರೈಲಿನ ವೇಳೆ ದಿನದಿನವೂ ಬದಲಾಗುತ್ತಿತ್ತು. ಸ್ಟೇಪಲ್‌ಹರ್ಸ್ಟ್ ಬಳಿ ಬ್ಯೂಲ್ಟ್ ಎಂಬ ಪುಟ್ಟ ನದಿಯ ಸೇತುವೆಯ ಮೇಲೆ ಮರದ ತೊಲೆಗಳನ್ನು ಬದಲಾಯಿಸುವ ಕೆಲಸ ನಡೆದಿತ್ತು. ಗ್ಯಾಂಗಿನ ಮೇಸ್ತ್ರಿ ವೇಳಾಪಟ್ಟಿಯನ್ನು ತಪ್ಪಾಗಿ ಓದಿದ. ರೈಲು ಬರಲು ಇನ್ನೂ ಎರಡು ಗಂಟೆ ಇದೆಯೆಂದು ಹಳಿ ಬಿಚ್ಚಿಸಿದ್ದ. ಕೆಂಪು ಬಾವುಟ ಹಿಡಿದವನು 1,000 ಗಜ ದೂರದಲ್ಲಿ ನಿಲ್ಲಬೇಕಾಗಿತ್ತು, ನಿಂತದ್ದು 554 ಗಜದಲ್ಲಿ. ಚಾಲಕ ಕಂಡು ಬ್ರೇಕ್ ಹಾಕುವಷ್ಟರಲ್ಲಿ ಬೋಗಿಗಳು ಹಳಿಯಿಲ್ಲದ ಜಾಗಕ್ಕೆ ಬಂದು ಒಂದರ ಮೇಲೊಂದು ನದಿಯ ಕೆಸರಿಗೆ ಬಿದ್ದವು. ಹತ್ತು ಜನ ಸತ್ತರು, ನಲವತ್ತು ಜನರಿಗೆ ಗಾಯವಾಯಿತು.

ಡಿಕನ್ಸ್ ಇದ್ದ ಮೊದಲ ದರ್ಜೆಯ ಬೋಗಿ ಕೆಳಗೆ ಬೀಳದೆ ಓರೆಯಾಗಿ ಜೋತುಬಿತ್ತು. ಅವನು ಕಿಟಕಿಯಿಂದ ಹೊರಬಂದು ಗಾರ್ಡ್‌ನಿಂದ ಬೀಗದಕೈ ಪಡೆದು ಬಾಗಿಲು ತೆಗೆಸಿ ಜೊತೆಯವರನ್ನು ಇಳಿಸಿದ. ಆಮೇಲೆ ಬ್ರಾಂದಿಯ ಸೀಸೆ ಹಿಡಿದು, ತನ್ನ ಹ್ಯಾಟಿನಲ್ಲಿ ನದಿಯ ನೀರು ತುಂಬಿಕೊಂಡು ಗಾಯಾಳುಗಳ ನಡುವೆ ಓಡಾಡಿದ. ಅವನು ನೀರು ಕುಡಿಸಿದವರಲ್ಲಿ ಕೆಲವರು ಅವನ ಕಣ್ಣೆದುರಿಗೇ ಸತ್ತರು. ಆ ದಿನ ಅವನು ತೋರಿದ ಧೈರ್ಯದ ಬಗ್ಗೆ ಯಾರಿಗೂ ಅನುಮಾನವಿಲ್ಲ, ನನಗೂ ಇಲ್ಲ.

ಧೈರ್ಯದ ಸುದ್ದಿ ಹರಡಿದಷ್ಟೂ ತೊಂದರೆ ಹೆಚ್ಚಿತು. ಬೋಗಿಯಲ್ಲಿ ಜೊತೆಗೆ ಯಾರಿದ್ದರು ಎಂದು ಯಾರಾದರೂ ಕೇಳಿಯಾರು. ತನಿಖೆಯಲ್ಲಿ ಅವನು ಸಾಕ್ಷಿ ಹೇಳಲಿಲ್ಲ. ಹಳೆಯ ಗೆಳೆಯ ಮಿಟನ್‌ಗೆ ಬರೆದ ಉದ್ದನೆಯ ಪತ್ರದಲ್ಲಿ ಸಹಪ್ರಯಾಣಿಕರು ಇಬ್ಬರು ಹೆಂಗಸರು, ಒಬ್ಬಾಕೆ ವಯಸ್ಸಾದವಳು, ಒಬ್ಬಾಕೆ ಚಿಕ್ಕವಳು ಎಂದಷ್ಟೇ ಇದೆ. ಅಪರಿಚಿತರ ಬಗ್ಗೆ ಬರೆದ ಹಾಗೆ. ಆದರೆ ಅಪಘಾತವಾದ ಮೂರನೆಯ ದಿನ ಚೇರಿಂಗ್ ಕ್ರಾಸ್ ನಿಲ್ದಾಣದ ಅಧಿಕಾರಿಗೆ ಇನ್ನೊಂದು ಪತ್ರ ಬರೆಯಬೇಕಾಯಿತು. ತನ್ನ ಬೋಗಿಯಲ್ಲಿದ್ದ ಮಹಿಳೆಯೊಬ್ಬರ ಕೆಲವು ಒಡವೆಗಳು ಕಳೆದಿವೆ: ಚಿನ್ನದ ಗಡಿಯಾರದ ಸರಪಣಿ, ಪದಕಗಳ ಗೊಂಚಲು, ಗಡಿಯಾರಕ್ಕೆ ಕೀಲಿ ಕೊಡುವ ಚಿನ್ನದ ಕೀ, ಒಂದು ಚಿನ್ನದ ಮುದ್ರೆ. ಮುದ್ರೆಯ ಮೇಲೆ ಕೆತ್ತಿದ ಹೆಸರು ‘ಎಲೆನ್’. ವಸ್ತು ಸಿಗಬೇಕಾದರೆ ಗುರುತು ಹೇಳಲೇಬೇಕು, ಗುರುತು ಹೇಳಿದರೆ ಹೆಸರು ಹೊರಬೀಳುತ್ತದೆ. ಕಾದಂಬರಿಕಾರ ಹೆಸರನ್ನೇ ಆರಿಸಿದ. ಒಡವೆ ಅವಳಿಗೆ ಅಷ್ಟು ಮುಖ್ಯವಾಗಿತ್ತೆಂದು ತೋರುತ್ತದೆ.

ಜೂನ್ 25ರಂದು ಆಳು ಜಾನ್ ಥಾಂಪ್ಸನ್‌ಗೆ ಬರೆದ ಚೀಟಿ ಇನ್ನೊಂದಿದೆ. ನಾಳೆ ಬೆಳಿಗ್ಗೆ ಮಿಸ್ ಎಲೆನ್‌ಗೆ ಒಂದು ಪುಟ್ಟ ಬುಟ್ಟಿ ತಾಜಾ ಹಣ್ಣು, ಇಂಥ ಅಂಗಡಿಯ ಗಟ್ಟಿ ಕೆನೆಯ ಜಾಡಿ, ಒಂದು ಕೋಳಿ ಅಥವಾ ಜೋಡಿ ಪಾರಿವಾಳ ಒಯ್ದು ಕೊಡು. ಬುಧವಾರ, ಶುಕ್ರವಾರವೂ ಹೀಗೆಯೇ, ದಿನಕ್ಕೊಂದು ಬಗೆಯಿರಲಿ. ಈ ಪ್ರಕರಣದಲ್ಲಿ ಪ್ರೀತಿ ಎಂಬುದನ್ನು ಬೆರಳಿಟ್ಟು ತೋರಿಸಬಹುದಾದ ಜಾಗ ಈ ಚೀಟಿ. ಗಾಯಗೊಂಡು ಮಲಗಿದ ಹುಡುಗಿಗೆ ಪಥ್ಯದ ಊಟ ಬೇಸರವಾಗಬಾರದು ಎಂಬ ಕಾಳಜಿ ಅದರಲ್ಲಿದೆ. ಬುಟ್ಟಿ ಹೊತ್ತು ಮನೆಬಾಗಿಲಿಗೆ ಹೋದವನು ಮಾತ್ರ ಥಾಂಪ್ಸನ್.

ಎರಡು ಮನೆ, ಐದು ಹೆಸರು

ಅಪಘಾತದ ನಂತರ ಏರ್ಪಾಡು ಬಿಗಿಯಾಯಿತು. ಮೊದಲು ಲಂಡನ್ನಿನ ಪಶ್ಚಿಮಕ್ಕೆ ಸ್ಲೌ ಎಂಬ ಊರಿನ ಹೈ ಸ್ಟ್ರೀಟ್‌ನಲ್ಲಿ ಎಲಿಜಬೆತ್ ಕಾಟೇಜ್. ಮನೆ ಕಂದಾಯದ ಪುಸ್ತಕದಲ್ಲಿ ಬಾಡಿಗೆದಾರನ ಹೆಸರು ಟ್ರಿಂಗಮ್. ಕೆಲವು ಸಲ ಜಾನ್, ಕೆಲವು ಸಲ ಚಾರ್ಲ್ಸ್. 1867ರಲ್ಲಿ ಲಂಡನ್ನಿನ ದಕ್ಷಿಣದ ಪೆಕಮ್ ಕಡೆ, ಲಿಂಡೆನ್ ಗ್ರೋವ್‌ನ ವಿಂಡ್ಸರ್ ಲಾಡ್ಜ್. ಅಲ್ಲಿಯ ಪುಸ್ತಕದಲ್ಲಿ ಫ್ರಾನ್ಸಿಸ್ ಟರ್ನಮ್, ಥಾಮಸ್ ಟರ್ನಮ್, ಥಾಮಸ್ ಟ್ರಿಂಗಮ್, ಕಡೆಗೆ ಚಾರ್ಲ್ಸ್ ಟ್ರಿಂಗಮ್ ಎಂದು ಹೆಸರುಗಳು ಸರಿಯುತ್ತ ಹೋಗುತ್ತವೆ. ಜಾನ್ ಹಾರ್ಮನ್‌ಗೆ ಮೂರೇ ಹೆಸರಿದ್ದವು.

ಡಿಕನ್ಸ್‌ಗೆ ಹಗಲಿನಲ್ಲಿ ಮೂರನೆಯ ನೆಲೆಯೂ ಇತ್ತು, ವೆಲಿಂಗ್‌ಟನ್ ಸ್ಟ್ರೀಟ್‌ನ ಪತ್ರಿಕಾ ಕಚೇರಿ. ಅದರ ಮೇಲೆ ಅವನು ಉಳಿಯುವ ಕೋಣೆಗಳಿದ್ದವು. ಕೆಂಟ್‌ನಲ್ಲಿ ಜಾರ್ಜಿನಾ ನಡೆಸುವ ಮನೆ, ನಗರದಲ್ಲಿ ಕಚೇರಿ, ಹೊರವಲಯದಲ್ಲಿ ನೆಲ್ಲಿ. ಮನೆಯಲ್ಲಿಲ್ಲದಿದ್ದರೆ ಕಚೇರಿಯಲ್ಲಿರಬೇಕು, ಕಚೇರಿಯಲ್ಲಿಲ್ಲದಿದ್ದರೆ ಮನೆಗೆ ಹೊರಟಿರಬೇಕು ಎಂದು ಎರಡೂ ಕಡೆಯವರು ಅಂದುಕೊಳ್ಳುತ್ತಿದ್ದರು. ರೈಲು ಜಾಲ ಇಲ್ಲದಿದ್ದರೆ ಇಂಥ ತ್ರಿಕೋನ ನಡೆಯುತ್ತಲೇ ಇರಲಿಲ್ಲ. ಅಪಘಾತದ ಮೇಲೆ ರೈಲು ಹತ್ತಿದರೆ ಅವನ ಕೈ ನಡುಗುತ್ತಿತ್ತು, ಹಣೆ ಬೆವರುತ್ತಿತ್ತು, ಕೆಲವು ಸಲ ನಡುದಾರಿಯಲ್ಲೇ ಇಳಿದುಬಿಡುತ್ತಿದ್ದ. ಆದರೂ ಪ್ರಯಾಣ ನಿಲ್ಲಿಸಲಿಲ್ಲ.

1867ರ ಕೊನೆಗೆ ಅಮೆರಿಕಕ್ಕೆ ಓದುವ ಪ್ರವಾಸ ಹೊರಟಾಗ ನೆಲ್ಲಿಯೂ ಬರಲಿ ಎಂಬ ಆಸೆ ಅವನಿಗಿತ್ತು. ಅಲ್ಲಿಯ ಗಾಳಿ ಹೇಗಿದೆಯೆಂದು ನೋಡಿ ತಿಳಿಸಬೇಕಾಗಿತ್ತು. ಪತ್ರಿಕೆಯ ಸಹಾಯಕ ಸಂಪಾದಕ ವಿಲ್ಸ್ ಮೂಲಕ ತಂತಿ ಹೋಗಬೇಕು, ಸಂಕೇತವನ್ನು ಕಿಸೆಯ ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದ: ‘ಎಲ್ಲ ಚೆನ್ನಾಗಿದೆ’ ಎಂದಿದ್ದರೆ ಹೊರಟು ಬಾ, ‘ಕ್ಷೇಮವಾಗಿದ್ದೇನೆ’ ಎಂದಿದ್ದರೆ ಬರಬೇಡ. ಬಾಸ್ಟನ್ ತಲುಪಿದ ಕೆಲವೇ ದಿನಗಳಲ್ಲಿ ‘ಕ್ಷೇಮ’ದ ತಂತಿ ಹೋಯಿತು. ಅವಳು ಅಕ್ಕನ ಜೊತೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಕಾಯುತ್ತಿದ್ದಳು. ವಿಲ್ಸ್ ದೊಡ್ಡ ಪತ್ರಿಕೆಯೊಂದನ್ನು ನಡೆಸುತ್ತ ಇದನ್ನೂ ನಡೆಸಿದ.

ಆ ದಿನಚರಿಯನ್ನು ಡಿಕನ್ಸ್ ಅಮೆರಿಕದಲ್ಲೇ ಕಳೆದುಕೊಂಡ. ಅಷ್ಟೆಲ್ಲ ಪತ್ರ ಸುಟ್ಟವನ ಕೈತಪ್ಪಿದ ಪುಟ್ಟ ಪುಸ್ತಕ ಹಲವು ದಶಕಗಳ ನಂತರ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಬರ್ಗ್ ಸಂಗ್ರಹದಲ್ಲಿ ಪತ್ತೆಯಾಯಿತು. ಅದರ ತುಂಬ ಒಂದೊಂದೇ ಅಕ್ಷರದ ಟಿಪ್ಪಣಿಗಳು. ನೆಲ್ಲಿಗೆ ಅವಳ ಹೆಸರಿನ ಮೊದಲಕ್ಷರ, ಸ್ಲೌಗೆ ಎರಡಕ್ಷರ, ಪೆಕಮ್‌ಗೆ ಒಂದು. ಫೆಲಿಕ್ಸ್ ಐಲ್ಮರ್ ಎಂಬ ನಟ ಈ ಅಕ್ಷರಗಳನ್ನೂ ಕಂದಾಯದ ಪುಸ್ತಕಗಳನ್ನೂ ಎದುರುಬದುರು ಇಟ್ಟು ಟ್ರಿಂಗಮ್‌ನನ್ನು ಹಿಡಿದು 1959ರಲ್ಲಿ ಪುಸ್ತಕ ಪ್ರಕಟಿಸಿದ. ನನಗೆ ಇದರಲ್ಲಿ ಒಂದು ಖುಷಿಯಿದೆ: ವಿದ್ವಾಂಸರು ಗದ್ಯಶೈಲಿ ಚರ್ಚಿಸುತ್ತಿದ್ದಾಗ ಮನೆ ಕಂದಾಯದ ಲೆಕ್ಕ ತೆಗೆದು ನೋಡಬೇಕೆಂದು ಹೊಳೆದದ್ದು ವೇಷ ಹಾಕುವ ಕಸುಬಿನವನಿಗೆ.

ಆ ಸಂಬಂಧ ಎಷ್ಟು ದೂರ ಹೋಗಿತ್ತು ಎಂಬುದರ ಬಗ್ಗೆ ಜೀವನಚರಿತ್ರೆಕಾರರಲ್ಲಿ ಒಮ್ಮತವಿಲ್ಲ. 1990ರಲ್ಲಿ ಎರಡು ದೊಡ್ಡ ಪುಸ್ತಕಗಳು ಬಂದವು. ಪೀಟರ್ ಆಕ್ರಾಯ್ಡ್ ಅದು ದೈಹಿಕ ಸಂಬಂಧವಾಗಿರಲಾರದು ಎಂದ. ಎಲೆನ್‌ಳ ಜೀವನವನ್ನೇ ಬರೆದ ಕ್ಲೇರ್ ಟೊಮಾಲಿನ್ ಒಪ್ಪಲಿಲ್ಲ. ಮಗುವೊಂದು ಹುಟ್ಟಿ ಸತ್ತಿತು ಎಂದು ಡಿಕನ್ಸ್‌ನ ಮಗಳು ಕೇಟ್ ಹೇಳಿದ್ದಾಗಿ 1939ರಲ್ಲಿ ಒಂದು ಪುಸ್ತಕ ಬಂತು. ಜನನದ ದಾಖಲೆ ಸಿಕ್ಕಿಲ್ಲ. ನಾನು ಟೊಮಾಲಿನ್ ಕಡೆ. ಆದರೆ ಆ ಪ್ರಶ್ನೆಯ ಸುತ್ತ ಅಷ್ಟು ಗಿರಕಿ ಹೊಡೆಯುವುದರಲ್ಲಿ ಅರ್ಥ ಕಾಣುವುದಿಲ್ಲ. ವರ್ಷಗಟ್ಟಲೆ ಒಬ್ಬಳ ಬಾಳನ್ನು ಬೇರೆಯವರ ಹೆಸರಿನ ಮನೆಗಳಲ್ಲಿ ಇರಿಸಿದ್ದಕ್ಕೆ ಆಧಾರ ಬೇಕಾದಷ್ಟಿದೆ. 1859ರಲ್ಲಿ ರಂಗಭೂಮಿ ಬಿಟ್ಟ ಮೇಲೆ ಎಲೆನ್‌ಗೆ ತನ್ನದೆನ್ನುವ ಕಸುಬು ಉಳಿಯಲಿಲ್ಲ, ಬೆಲ್ಲಾಳಿಗೆ ಸಿಕ್ಕಿದ ಗ್ರೀನಿಚ್‌ನ ಮದುವೆಯೂ ಸಿಗಲಿಲ್ಲ.

ಕಾದಂಬರಿಯಲ್ಲಿ ಹಾರ್ಮನ್‌ನ ಗುಟ್ಟನ್ನು ಕಾಯುವವರಿಗೆ ಏನೂ ಖರ್ಚಾಗುವುದಿಲ್ಲ. ಬಾಫಿನ್ ದಂಪತಿ ನಾಟಕವಾಡುತ್ತ ಒಳಗೊಳಗೇ ಸಂತೋಷಪಡುತ್ತಾರೆ, ಬೆಲ್ಲಾ ಗೊತ್ತಿಲ್ಲದೆಯೇ ಸುಖವಾಗಿದ್ದಾಳೆ, ಮಗು ಕೇಕೆ ಹಾಕುತ್ತದೆ. ಕೆಟ್ಟ ವೇಷಧಾರಿ ಬೇಕಾದಾಗ ಡಿಕನ್ಸ್ ಅವನನ್ನು ಬೇರೆಯಾಗಿ ಮಾಡಿ ಇಡುತ್ತಾನೆ: ಬ್ರಾಡ್ಲಿ ಹೆಡ್‌ಸ್ಟೋನ್ ಎಂಬ ಶಾಲಾಮಾಸ್ತರು. ಹಗಲು ಮಕ್ಕಳಿಗೆ ಪಾಠ, ರಾತ್ರಿ ಪ್ರೀತಿಯ ಎದುರಾಳಿಯ ಬೆನ್ನು ಹತ್ತಿ ಅಲೆದಾಟ. ಕೊನೆಗೆ ಇನ್ನೊಬ್ಬನ ಕೆಂಪು ಕೊರಳವಸ್ತ್ರ ಕಟ್ಟಿಕೊಂಡು ಕೊಲೆಯ ಯತ್ನ. ಇಬ್ಬಗೆಯ ಬಾಳಿನ ಹಿಂಸೆಯೆಲ್ಲ ಆ ಮಾಸ್ತರಿನ ಪಾಲಿಗೆ, ಸುಖವೆಲ್ಲ ಹಾರ್ಮನ್‌ನ ಪಾಲಿಗೆ. ಒಬ್ಬನೇ ಮನುಷ್ಯನಲ್ಲಿ ಎರಡೂ ಇರುತ್ತವೆ ಎಂಬುದನ್ನು ಬರೆಯುವ ಶಕ್ತಿ ಡಿಕನ್ಸ್‌ಗೆ ಖಂಡಿತ ಇತ್ತು. ಹೆಡ್‌ಸ್ಟೋನ್‌ನ ಅಧ್ಯಾಯಗಳನ್ನು ಓದಿದವರು ಅದನ್ನು ಅಲ್ಲಗಳೆಯಲಾರರು. ಅದನ್ನು ಹಾರ್ಮನ್‌ನಲ್ಲಿ ಇಡದೆ ಹೋದದ್ದನ್ನು ನಾನು ಕಲೆಯ ಸೋಲೆಂದು ಓದುತ್ತೇನೆ. ಆ ಸೋಲಿಗೆ ಕಾರಣ ಅವನ ಬಾಡಿಗೆ ಮನೆಗಳಲ್ಲಿತ್ತು ಎಂದೂ ನಂಬುತ್ತೇನೆ.

ಡಿಕನ್ಸ್ ತೀರಿಕೊಂಡದ್ದು 1870ರ ಜೂನ್ 9ರಂದು, ರೈಲು ಅಪಘಾತವಾಗಿ ಸರಿಯಾಗಿ ಐದು ವರ್ಷಕ್ಕೆ. ಉಯಿಲು ತೆಗೆದು ಓದಿದಾಗ ಮೊಟ್ಟಮೊದಲ ಕೊಡುಗೆಯೇ ಮಿಸ್ ಎಲೆನ್ ಲಾಲೆಸ್ ಟೆರ್ನನ್‌ಗೆ 1,000 ಪೌಂಡ್. ಅಷ್ಟು ವರ್ಷ ಅಳಿಸಿದ ಹೆಸರನ್ನು ತಾನೇ ಪೂರ್ತಿಯಾಗಿ ಬರೆದು ಹೋಗಿದ್ದ, ಹಳೆಯ ವಿಳಾಸ ಸಮೇತ. ಜಾರ್ಜಿನಾಗೆ 8,000 ಪೌಂಡ್. ಕ್ಯಾಥರೀನ್‌ಗೆ ಅಷ್ಟೇ ಮೊತ್ತದ ಬಡ್ಡಿ ಜೀವನಪರ್ಯಂತ. ಬೇರೆಯಾದಂದಿನಿಂದ ತಾನು ಅವಳಿಗೆ ವರ್ಷಕ್ಕೆ 600 ಪೌಂಡ್ ಕೊಟ್ಟಿದ್ದೇನೆ ಎಂಬ ಲೆಕ್ಕವನ್ನೂ ಉಯಿಲಿನಲ್ಲಿ ದಾಖಲಿಸಿದ್ದ. ಆತ್ಮೀಯ ಗೆಳೆಯ ಫಾರ್ಸ್ಟರ್ ಮೂರು ಸಂಪುಟಗಳ ಜೀವನಚರಿತ್ರೆ ಬರೆದು ಉಯಿಲನ್ನು ಅನುಬಂಧದಲ್ಲಿ ಅಚ್ಚು ಮಾಡಿದ, ಪುಸ್ತಕದ ಒಡಲಿನಲ್ಲಿ ಎಲೆನ್‌ಳ ಹೆಸರೆತ್ತಲಿಲ್ಲ. 1879ರಲ್ಲಿ ಸಾಯುವ ಮೊದಲು ಕ್ಯಾಥರೀನ್ ತನಗೆ ಗಂಡ ಬರೆದಿದ್ದ ಪತ್ರಗಳನ್ನು ಮಗಳ ಕೈಗಿಟ್ಟು, ಅವನು ಒಂದು ಕಾಲಕ್ಕೆ ನನ್ನನ್ನು ಪ್ರೀತಿಸಿದ್ದನೆಂದು ಲೋಕಕ್ಕೆ ತಿಳಿಯಲಿ, ಬ್ರಿಟಿಷ್ ಮ್ಯೂಸಿಯಂಗೆ ಕೊಡು ಎಂದಳು.

ಎಲೆನ್ 1876ರಲ್ಲಿ ತನಗಿಂತ ಸುಮಾರು ಹನ್ನೆರಡು ವರ್ಷ ಚಿಕ್ಕವನಾದ ಜಾರ್ಜ್ ವಾರ್ಟನ್ ರಾಬಿನ್ಸನ್ ಎಂಬವನನ್ನು ಮದುವೆಯಾದಳು. ವಯಸ್ಸಿನಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಕಳೆದು ಹೇಳಿದಳು. ಹಾಗೆ ಕಳೆದರೆ ಡಿಕನ್ಸ್ ಬದುಕಿದ್ದಾಗ ಅವಳು ಎಳೆಯ ಹುಡುಗಿ, ಅವನು ಮನೆಗೆ ಬರುತ್ತಿದ್ದ ಹಿರಿಯ ಸ್ನೇಹಿತ. ಸಮುದ್ರದಂಡೆಯ ಮಾರ್ಗೇಟ್‌ನಲ್ಲಿ ಗಂಡ ಶಾಲೆ ನಡೆಸಿದ, ಅವಳು ಊರಿನ ಸಭೆಗಳಲ್ಲಿ ಡಿಕನ್ಸ್‌ನ ಕೃತಿಗಳಿಂದ ಭಾಗಗಳನ್ನು ಓದಿ ಚಪ್ಪಾಳೆ ಗಿಟ್ಟಿಸಿದಳು. ಎರಡು ಮಕ್ಕಳಾದವು. ಅವಳು ಸತ್ತದ್ದು 1914ರಲ್ಲಿ. ಮಗ ಜೆಫ್ರಿಗೆ ತಾಯಿಯ ಹಳೆಯ ಬಾಳಿನ ವಿಷಯ ತಿಳಿದದ್ದು ಆಮೇಲೆ. ಡಿಕನ್ಸ್ ಈ ಏರ್ಪಾಡನ್ನು ಹದಿಮೂರು ವರ್ಷ ನಡೆಸಿದ, ಅದೂ ಥಾಂಪ್ಸನ್, ವಿಲ್ಸ್, ಜಾರ್ಜಿನಾರ ನೆರವಿನಿಂದ. ಎಲೆನ್ ಅದನ್ನು ಇನ್ನೂ ನಲವತ್ತನಾಲ್ಕು ವರ್ಷ ಎಳೆದಳು. ವಿಷಯ ಗೊತ್ತಿದ್ದ ಅಕ್ಕಂದಿರಿದ್ದರು, ಜಾರ್ಜಿನಾ ಇದ್ದಳು, ಅವರೆಲ್ಲ ಬಾಯಿ ಬಿಡಲಿಲ್ಲ. ಮನೆಯೊಳಗೆ ಗಂಡನೆದುರು, ಮಕ್ಕಳೆದುರು ದಿನದಿನವೂ ಅದನ್ನು ಕಾಯಬೇಕಾದವಳು ಅವಳೊಬ್ಬಳೇ.